ಬೇಲಿ ವಾಲಿದರೆ ಮೊದಲು ಬುಡ ನೋಡಿ: ಗಾಳಿ ಮಳೆಗೆ ಕೆಟ್ಟ ಮನೆ ಬೇಲಿ ರಿಪೇರಿಯ ಪೂರ್ತಿ ವಿಧಾನ

ದಾವಣಗೆರೆ, ಚಿತ್ರದುರ್ಗ ಕಡೆ ಮಳೆ ಲೆಕ್ಕದಲ್ಲಿ ಕಡಿಮೆಯೇ. ಆದರೆ ಬರುವಾಗ ಸುಮ್ಮನೆ ಬರುವುದಿಲ್ಲ. ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಮೇ ಕೊನೆಯ ರೋಹಿಣಿ ಮಳೆವರೆಗೆ ಇದೇ ಕಥೆ. ಸಂಜೆ ಮೋಡ ಕಟ್ಟುತ್ತದೆ, ಮೊದಲು ಧೂಳು, ಆಮೇಲೆ ಬಿರುಗಾಳಿ, ಅದರ ಹಿಂದೆಯೇ ದಪ್ಪ ಹನಿ, ಒಮ್ಮೊಮ್ಮೆ ಆಲಿಕಲ್ಲು. ಬೆಳಿಗ್ಗೆ ಎದ್ದು ನೋಡಿದರೆ ತಗಡು ಪಕ್ಕದ ಸೈಟಿನಲ್ಲಿ ಬಿದ್ದಿರುತ್ತದೆ, ಕಂಬ ವಾಲಿರುತ್ತದೆ, ತಂತಿ ಜೋತು ಬಿದ್ದಿರುತ್ತದೆ.

ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಗಾಳಿ ಕೊನೆಯ ಏಟು ಕೊಟ್ಟಿರುತ್ತದೆ ಅಷ್ಟೇ. ಕಂಬದ ಬುಡಕ್ಕೆ ನೀರು ಇಳಿದು ಮಣ್ಣು ಸಡಿಲವಾಗಿ, ಕಬ್ಬಿಣ ತುಕ್ಕು ಹಿಡಿದು ಎಷ್ಟೋ ತಿಂಗಳಾಗಿರುತ್ತದೆ. ಬುಡ ಮುಟ್ಟದೆ ಮೇಲಿನ ತಂತಿ ಎಳೆದು ಕಟ್ಟಿದರೆ ಮುಂದಿನ ಗಾಳಿಗೆ ಅದೇ ಕಂಬ ಮತ್ತೆ ವಾಲುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಮೊದಲು ನೀರು, ಆಮೇಲೆ ಕಂಬ, ಕೊನೆಗೆ ತಂತಿ.

ಕೈ ಹಾಕುವ ಮುಂಚೆ

ಗಾಳಿ ನಿಂತ ತಕ್ಷಣ ಬೇಲಿ ಮುಟ್ಟಬೇಡಿ. ಕರೆಂಟಿನ ವೈರು ಹರಿದು ಮುಳ್ಳುತಂತಿಯ ಮೇಲೆ ಎಲ್ಲೋ ಒಂದು ಕಡೆ ಬಿದ್ದಿದ್ದರೆ ಸಾಕು, ತಂತಿಯ ಉದ್ದಕ್ಕೂ ಕರೆಂಟ್ ಹರಿಯುತ್ತದೆ. ವೈರು ಬಿದ್ದಿರುವುದು ಪಕ್ಕದ ಮನೆಯ ಹಿತ್ತಲಲ್ಲಿ, ಶಾಕ್ ಹೊಡೆಯುವುದು ನಿಮಗೆ. ಬೇಲಿಯ ಪೂರ್ತಿ ಉದ್ದ ಕಣ್ಣಲ್ಲೇ ನೋಡಿಕೊಂಡು ಬನ್ನಿ. ವೈರು ಬಿದ್ದಿದ್ದರೆ ದೂರ ನಿಂತು ಕರೆಂಟ್ ಕಂಪನಿ ಬೆಸ್ಕಾಂಗೆ ಫೋನ್ ಮಾಡಿ, ಎರಡೂ ಜಿಲ್ಲೆಗೆ ನಂಬರ್ 1912. ಗುಡುಗು ಕೇಳಿಸುತ್ತಿರುವಷ್ಟು ಹೊತ್ತು ತಂತಿ ಬೇಲಿಯ ಹತ್ತಿರ ಕೆಲಸವೇ ಬೇಡ.

ಇನ್ನೊಂದು ವಿಷಯ, ಗಡಿ. ಬಿದ್ದ ಕಂಬ ನಿಲ್ಲಿಸುವಾಗ "ಒಂದರ್ಧ ಅಡಿ ಆಚೆ ಹಾಕೋಣ ಬಿಡಿ" ಅನ್ನುವ ಮಾತು ಯಾರಾದರೂ ಆಡಿಯೇ ಆಡುತ್ತಾರೆ. ಕೇಳಬೇಡಿ. ಹಳೆಯ ಗುಂಡಿ ಇದ್ದಲ್ಲೇ ಕಂಬ ನಿಲ್ಲಲಿ. ಗಡಿ ಗುರುತಿಗೆ ನೆಟ್ಟ ಬಾಂದುಕಲ್ಲು ಸಿಕ್ಕರೆ ಅಲುಗಾಡಿಸಬೇಡಿ. ಜಮೀನಿನ ಗಡಿಯಲ್ಲಿ ತಕರಾರು ಇದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ, ಅಳತೆ ಆದ ಮೇಲೆ ಕೆಲಸ ಶುರು ಮಾಡಿ. ಪಕ್ಕದವರಿಗೆ ಮುಂಚೆಯೇ ಒಂದು ಮಾತು ಹೇಳಿ ಕರೆದು ನಿಲ್ಲಿಸಿಕೊಂಡರೆ ಇನ್ನೂ ಒಳ್ಳೆಯದು, ದಾರ ಹಿಡಿಯಲು ಹೇಗೂ ಎರಡನೆಯ ಕೈ ಬೇಕಲ್ವಾ.

ಯಾವ ಕಂಬ ಕೆಟ್ಟಿದೆ, ನೀರು ಎಲ್ಲಿಂದ ಬರುತ್ತಿದೆ

ಒಂದೊಂದೇ ಕಂಬವನ್ನು ಎದೆಯ ಮಟ್ಟದಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ನೆಟ್ಟಗೆ ಕಾಣುವ ಕಂಬಗಳನ್ನೂ ಬಿಡಬೇಡಿ, ತಂತಿ ಹಿಡಿದುಕೊಂಡಿರುವುದರಿಂದ ನಿಂತಿರುವ ಕಂಬಗಳು ಸುಮಾರು ಸಿಗುತ್ತವೆ. ಅಲ್ಲಾಡಿದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಗುರುತು ಹಾಕಿದ ಕಂಬಗಳ ಬುಡ ಅರ್ಧ ಅಡಿ ಅಗೆದು ನೋಡಿ. ಮಣ್ಣು ಕೆಸರಾಗಿದೆಯೇ, ಕಂಬದ ಸುತ್ತ ಸಂದು ಬಿಟ್ಟಿದೆಯೇ, ಕಬ್ಬಿಣವಾದರೆ ನೆಲದ ಮಟ್ಟದಲ್ಲಿ ತೆಳ್ಳಗಾಗಿದೆಯೇ.

ಬುಡ ಹಸಿಯಾಗಿದ್ದರೆ ಆ ನೀರಿನ ಮೂಲ ಹುಡುಕಿ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಕಳ್ಳರು ಇವರೇ: ಬೇಲಿಯ ಪಕ್ಕಕ್ಕೆ ಬಿಟ್ಟ ಬಚ್ಚಲ ನೀರು, ತಾರಸಿಯಿಂದ ನೇರ ಬೇಲಿ ಬುಡಕ್ಕೆ ಸುರಿಯುವ ಪೈಪು, ತುಂಬಿ ಹರಿಯುವ ಸಿಂಟೆಕ್ಸ್, ರಸ್ತೆ ಎತ್ತರ ಮಾಡಿದ ಮೇಲೆ ಒಳಗೆ ನುಗ್ಗುವ ಚರಂಡಿ ನೀರು. ಹರಿಹರ, ಮಲೇಬೆನ್ನೂರು, ಚನ್ನಗಿರಿ ಕಡೆ ಮನೆಯ ಪಕ್ಕದಲ್ಲೇ ಗದ್ದೆ ಅಥವಾ ಅಡಿಕೆ ತೋಟ ಇದ್ದರೆ ಭದ್ರಾ ನಾಲೆಗೆ ನೀರು ಬಿಟ್ಟಾಗ ನೆಲವೇ ಜಿನುಗುತ್ತದೆ. ಅಲ್ಲಿ ಬೇಸಿಗೆಯಲ್ಲೂ ಬುಡ ಒಣಗುವುದಿಲ್ಲ.

ಪೈಪು, ಬಚ್ಚಲ ನೀರು ಬೇರೆ ಕಡೆ ತಿರುಗಿಸುವುದು ಒಂದು ಮಧ್ಯಾಹ್ನದ ಕೆಲಸ. ಜಿನುಗು ನೀರು ಇದ್ದರೆ ಬೇಲಿಯಿಂದ ಎರಡು ಮೂರು ಅಡಿ ಒಳಗೆ, ಒಂದು ಅಡಿ ಆಳದ ಕಾಲುವೆ ತೆಗೆದು ತಗ್ಗಿನ ಕಡೆಗೆ ಹರಿಯುವಂತೆ ಮಾಡಿ. ಕಾಲುವೆ ಬಾಯಿ ಬಿಟ್ಟುಕೊಂಡಿರುವುದು ಬೇಡ ಅನಿಸಿದರೆ 40 ಎಂಎಂ ಜಲ್ಲಿ ತುಂಬಿ. ಇದು ಮುಗಿಯದೆ ಸಿಮೆಂಟ್ ಮೂಟೆ ಬಿಚ್ಚಬೇಡಿ.

ಎರೆ ಮಣ್ಣೋ, ಕೆಂಪು ಮಣ್ಣೋ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದಾವಣಗೆರೆ ಸುತ್ತ ಎಷ್ಟೋ ಬಡಾವಣೆಗಳು ಎರೆ (ಕಪ್ಪು ಮಣ್ಣಿನ) ಹೊಲದ ಮೇಲೆ ಎದ್ದಿವೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು ನೀವೂ ನೋಡಿರುತ್ತೀರಿ. ಕಂಬದ ಸುತ್ತಲೂ ಇದೇ ಆಗುತ್ತದೆ. ಬೇಸಿಗೆಯಲ್ಲಿ ಮಣ್ಣು ಕಂಬದಿಂದ ಬಿಟ್ಟುಕೊಂಡು ಸಂದು ಬೀಳುತ್ತದೆ, ಮೊದಲ ಮಳೆಯ ನೀರು ಆ ಸಂದಿನಲ್ಲಿ ನೇರ ಬುಡಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಗಾಳಿಯೂ ಬೀಸುತ್ತಿರುತ್ತದೆ. ಆಗ ಕಂಬ ಅಲುಗಾಡುವ ಹಲ್ಲಿನ ಹಾಗೆ ಆಗಿಬಿಡುತ್ತದೆ.

ಇಂಥ ಮಣ್ಣಿನಲ್ಲಿ ಮೂರು ನಿಯಮ. ಗುಂಡಿ ಆಳ ಇರಲಿ, ಏಳು ಅಡಿ ಕಲ್ಲುಕಂಬಕ್ಕೆ ಎರಡೂವರೆಯಿಂದ ಮೂರು ಅಡಿ. ಉದ್ದನೆಯ ಕಲ್ಲೇ ತಂದರೆ ಎತ್ತರವೂ ಉಳಿಯುತ್ತದೆ. ಗುಂಡಿಯ ತಳ ಬಾಯಿಗಿಂತ ಸ್ವಲ್ಪ ಅಗಲ ಇರಲಿ, ಬಾಯಿ ಅಗಲ ತಳ ಕಿರಿದು ಆದರೆ ಮಣ್ಣು ಉಬ್ಬಿದಾಗ ಕಾಂಕ್ರೀಟನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಹಾಗೆಯೇ ಮಿಕ್ಕ ಕಾಂಕ್ರೀಟನ್ನು ನೆಲದ ಮೇಲೆ ಕಂಬದ ಸುತ್ತ ಅಗಲವಾಗಿ ಹರಡಬೇಡಿ. ಮೂರನೆಯದು, ಅಗೆದ ಎರೆ ಮಣ್ಣನ್ನೇ ವಾಪಸ್ ಗುಂಡಿಗೆ ತುಂಬಬೇಡಿ. ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತರಿಸಿ. ಅದು ಉಬ್ಬುವುದಿಲ್ಲ, ನೀರು ನಿಲ್ಲಿಸಿಕೊಳ್ಳುವುದಿಲ್ಲ.

ಚಿತ್ರದುರ್ಗ ಕಡೆಯ ಕೆಂಪು ಮಣ್ಣು, ಮಸಾರಿ ನೆಲದಲ್ಲಿ ಈ ತಾಪತ್ರಯ ಕಡಿಮೆ. ಎರಡು ಅಡಿ ಗುಂಡಿ ಸಾಕು. ಅಲ್ಲಿ ಕಷ್ಟ ಬೇರೆ, ಒಂದು ಅಡಿ ಹೋದ ಕೂಡಲೇ ಹಾರೆಗೆ ಕಲ್ಲು ಸಿಗುತ್ತದೆ. ಕಲ್ಲು ಸಿಕ್ಕಿತು ಅಂತ ಅಷ್ಟಕ್ಕೇ ಕಂಬ ನಿಲ್ಲಿಸಿದರೆ ನಿಲ್ಲುವುದಿಲ್ಲ. ಗುಂಡಿ ಆಳ ಆಗದಿದ್ದರೆ ಅಗಲ ಮಾಡಿ, ಒಂದೂವರೆಯಿಂದ ಎರಡು ಅಡಿ ಚೌಕಕ್ಕೆ ಕಾಂಕ್ರೀಟ್ ಹಾಕಿ. ಗುಡ್ಡದ ಗಾಳಿಯ ಲೆಕ್ಕವೂ ಇಟ್ಟುಕೊಳ್ಳಿ, ಜೋಗಿಮಟ್ಟಿಯಿಂದ ಹೊಸದುರ್ಗದವರೆಗೆ ಗುಡ್ಡದ ಮೇಲೆ ಗಾಳಿ ಯಂತ್ರ ಸುಮ್ನೆ ನಿಲ್ಲಿಸಿಲ್ಲ.

ಕಂಬ ನಿಲ್ಲಿಸುವ ಕೆಲಸ

ಬೇಕಾದ ಸಾಮಾನು: ಹಾರೆ, ಸಲಿಕೆ, ಬಾಂಡ್ಲಿ, ಲೈನ್ ದಾರ, ತೂಗುಗುಂಡು (ಕಂಬ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿದ ಗುಂಡು), ದಪ್ಪ ಕೈಗವಸು, ಕಟಿಂಗ್ ಪ್ಲೈಯರ್.

ಮೊದಲು ಆ ಕಂಬಕ್ಕೆ ಕಟ್ಟಿದ ತಂತಿ ಬಿಚ್ಚಿ. ಬಿಗಿಯಾಗಿ ಎಳೆದಿರುವ ತಂತಿಯನ್ನು ಹಾಗೇ ಕತ್ತರಿಸಿದರೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಅದಕ್ಕೆ ಕೊನೆಯ ಕಂಬದ ಹತ್ತಿರ ಹೋಗಿ ನಿಧಾನವಾಗಿ ಸಡಿಲ ಮಾಡಿಕೊಂಡು ಬನ್ನಿ, ಕನ್ನಡಕ ಹಾಕಿಕೊಂಡಿರಿ. ಮುಳ್ಳು ತರಚಿದರೆ ತೊಳೆದುಕೊಂಡು ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ವಿಷಯ ಡಾಕ್ಟರಿಗೆ ಕೇಳಿ, ತುಕ್ಕು ಇರಲಿ ಇಲ್ಲದಿರಲಿ.

ಕಂಬ ತೆಗೆದು ಹಳೆಯ ಗುಂಡಿಯ ಕೆಸರು, ಪುಡಿ ಕಾಂಕ್ರೀಟ್ ಪೂರ್ತಿ ಹೊರಗೆ ಹಾಕಿ. ತಳಕ್ಕೆ ನಾಲ್ಕು ಇಂಚು 40 ಎಂಎಂ ಜಲ್ಲಿ ಹಾಕಿ ಹಾರೆಯ ತುದಿಯಿಂದ ಕುಟ್ಟಿ. ಎರಡು ಕಡೆಯ ಗಟ್ಟಿ ಕಂಬಗಳಿಗೆ ಮೇಲೊಂದು ಕೆಳಗೊಂದು ದಾರ ಕಟ್ಟಿ, ಹೊಸ ಕಂಬ ಎರಡೂ ದಾರಕ್ಕೆ ತಾಗುವಂತೆ ನಿಲ್ಲಿಸಿ. ತೂಗುಗುಂಡು ಎರಡು ಪಕ್ಕದಲ್ಲಿ ಹಿಡಿದು ನೋಡಿ. ಒಂದೇ ಪಕ್ಕ ನೋಡಿ ಮುಗಿಸುವ ಮೇಸ್ತ್ರಿಗಳಿದ್ದಾರೆ, ಬಿಡಬೇಡಿ.

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ನಾಲ್ಕು ಪಾಲು 20 ಎಂಎಂ ಜಲ್ಲಿ ಸಾಕು. ಒಂದು ಅಡಿ ಚೌಕ, ಎರಡು ಅಡಿ ಆಳದ ಗುಂಡಿಯಾದರೆ 50 ಕೆಜಿ ಮೂಟೆಯಲ್ಲಿ ಸುಮಾರು ಮೂರು ಗುಂಡಿ ಆಗುತ್ತವೆ. ಮೂಟೆಗೆ 25ರಿಂದ 28 ಲೀಟರ್ ನೀರು. ಕಲಸಲು ಸುಲಭ ಅಂತ ಕೊಡ ಕೊಡ ನೀರು ಸುರಿದರೆ ಕಾಂಕ್ರೀಟ್ ಪುಡಿಪುಡಿ ಆಗುತ್ತದೆ. ಗುಂಡಿಗೆ ಸ್ವಲ್ಪ ಸ್ವಲ್ಪ ಹಾಕಿ, ಪ್ರತಿ ಸಲ ಸರಳಿನಿಂದ ಚುಚ್ಚಿ ಗಾಳಿ ಬಿಡಿಸಿ. ಮೇಲ್ಭಾಗ ನೆಲಕ್ಕಿಂತ ಒಂದು ಇಂಚು ಎತ್ತರಕ್ಕೆ ತಂದು ನಾಲ್ಕೂ ಕಡೆ ಇಳಿಜಾರು ಮಾಡಿ, ನೀರು ಕಂಬದ ಬುಡದಲ್ಲಿ ನಿಲ್ಲಬಾರದು. ಗೋಣಿಚೀಲ ಸುತ್ತಿ ಏಳು ದಿನ ನೀರು ಹಾಕಿ. ಅಷ್ಟು ದಿನ ತಂತಿ ಎಳೆಯುವ ಮಾತೇ ಬೇಡ. ಸಂಜೆ ಹಾಕಿದ ಕಾಂಕ್ರೀಟಿಗೆ ಬೆಳಿಗ್ಗೆ ತಂತಿ ಬಿಗಿದು ಕೂಲಿ ಇಸಿದುಕೊಂಡು ಹೋಗುವ ಕೆಲಸದವರಿಗೆ ಮೊದಲೇ ಇದನ್ನು ಹೇಳಿಬಿಡಿ.

ಈಗ ಕಂಬದ ಜಾತಿ. ಕಲ್ಲುಕಂಬ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ನನ್ನ ಕೇಳಿದರೆ ನಮ್ಮ ಹವೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದರ ದೋಷ ಒಂದೇ, ಬಾಗುವುದಿಲ್ಲ, ಮುರಿಯುತ್ತದೆ, ಅದೂ ನೆಲದ ಮಟ್ಟದಲ್ಲೇ. ಮುರಿದ ಕಲ್ಲನ್ನು ಸಿಮೆಂಟಿನಿಂದ ಅಂಟಿಸಿ ನಿಲ್ಲಿಸುತ್ತಾರೆ, ಅದು ಮೊದಲ ಗಾಳಿಗೇ ಹೋಗುತ್ತದೆ. ಮುರಿದ ತುಂಡನ್ನು ಬಿಸಾಕಬೇಡಿ, ಮೂಲೆ ಕಂಬಕ್ಕೆ ಓರೆ ಆಸರೆ ಕೊಡಲು ಬರುತ್ತದೆ.

ಸಿಮೆಂಟ್ ಕಂಬದಲ್ಲಿ ಉದ್ದಕ್ಕೆ ಬಿರುಕು ಕಂಡರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತಿದೆ ಅಂತ ಅರ್ಥ. ಬಿರುಕು ಮೇಲಿನ ಭಾಗದಲ್ಲಿದ್ದು ಸಣ್ಣದಾಗಿದ್ದರೆ ಸಡಿಲ ಸಿಮೆಂಟ್ ಕೆತ್ತಿ ತೆಗೆದು, ಸರಳಿನ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ರಿಪೇರಿ ಮಾರ್ಟರ್ ತುಂಬಬಹುದು. ಬುಡದಲ್ಲಿದ್ದರೆ ದುಡ್ಡು ದಂಡ, ಕಂಬ ಬದಲಾಯಿಸಿ.

ಕಬ್ಬಿಣದ ಆಂಗಲ್ ಕಂಬ ಸಾಯುವುದು ನೆಲಕ್ಕೆ ತಾಗುವ ನಾಲ್ಕು ಇಂಚಿನಲ್ಲಿ. ಅಲ್ಲೇ ಗಾಳಿಯೂ ಇರುತ್ತದೆ, ತೇವವೂ ಇರುತ್ತದೆ. ಹೊಸದು ಹಾಕುವಾಗ ನೆಲದ ಮಟ್ಟದಿಂದ ಅರ್ಧ ಅಡಿ ಮೇಲೆ, ಅರ್ಧ ಅಡಿ ಕೆಳಗೆ ಡಾಂಬರು ಬಣ್ಣ ಎರಡು ಕೋಟ್ ಹೊಡೆಯಿರಿ. ಅರ್ಧ ತಿಂದು ಹೋಗಿದ್ದರೆ ಪಕ್ಕಕ್ಕೆ ಹೊಸ ಆಂಗಲ್ ತುಂಡನ್ನು ಬುಡದಿಂದ ಎರಡು ಅಡಿ ಎತ್ತರದವರೆಗೆ ವೆಲ್ಡ್ ಮಾಡಿಸಿ ಕಾಂಕ್ರೀಟ್ ಹಾಕಿದರೆ ನಡೆಯುತ್ತದೆ.

ಸರ್ವೆ, ನೀಲಗಿರಿ ಮರದ ಕಂಬ ನೆಟ್ಟಿದ್ದರೆ ಬುಡಕ್ಕೆ ಗೆದ್ದಲು ಗ್ಯಾರಂಟಿ. ಮರದ ಕಂಬಕ್ಕೆ ಮಾತ್ರ ಕಾಂಕ್ರೀಟ್ ತುಂಬಬೇಡಿ, ಮರ ಒಣಗಿ ಸಣ್ಣದಾದಾಗ ಕಾಂಕ್ರೀಟ್ ನೀರು ಹಿಡಿಯುವ ಬಟ್ಟಲಾಗಿ ಬುಡ ಕೊಳೆಯುತ್ತದೆ. ತುದಿಗೆ ಡಾಂಬರು ಬಳಿದು, ಗುಂಡಿಗೆ ಜಲ್ಲಿ ಮತ್ತು ಗರಸು ತುಂಬಿ ಗಟ್ಟಿಯಾಗಿ ಕುಟ್ಟಿ. ಆದರೂ ಅದು ತಾತ್ಕಾಲಿಕ ಬೇಲಿಯೇ.

ಮೂಲೆ ಕಂಬ

ಬೇಲಿಯ ಭಾರವೆಲ್ಲ ಎಳೆಯುವುದು ಮೂಲೆ ಕಂಬವನ್ನು. ಅದು ಒಂದು ಇಂಚು ವಾಲಿದರೆ ಸಾಕು, ಆ ಸಾಲಿನ ತಂತಿ ಪೂರ್ತಿ ಸಡಿಲ. ಮೂಲೆಗೆ ಎರಡು ಆಸರೆ ಬೇಕು, ಒಂದೊಂದು ಸಾಲಿನ ಕಡೆಗೆ ಒಂದೊಂದು. ಆಸರೆ ಕಲ್ಲು ತಂತಿಯ ಕೆಳಗೇ, ಬೇಲಿಯ ಸಾಲಿನಲ್ಲೇ ಓರೆಯಾಗಿ ಬರಬೇಕು. ಮೇಲಿನ ತುದಿ ಕಂಬದ ಮೂರನೇ ಎರಡು ಭಾಗದ ಎತ್ತರಕ್ಕೆ ತಾಗಲಿ, ಕೆಳಗಿನ ತುದಿ ಒಂದೂವರೆ ಅಡಿ ಗುಂಡಿಯಲ್ಲಿ ಚಪ್ಪಡಿ ಕಲ್ಲಿಗೋ ಕಾಂಕ್ರೀಟಿಗೋ ಒತ್ತಿ ಕೂರಲಿ. ಬರೀ ಮಣ್ಣಿಗೆ ಚುಚ್ಚಿ ಬಿಟ್ಟರೆ ಮಳೆಗಾಲದಲ್ಲಿ ಅದೂ ಜಾರುತ್ತದೆ. ಉದ್ದ ಸಾಲಿದ್ದರೆ ನಡುವೆಯೂ ಒಂದು ಕಂಬಕ್ಕೆ ಎರಡೂ ಕಡೆ ಆಸರೆ ಕೊಡಿ.

ತಂತಿ ಮತ್ತು ಜಾಲರಿ

ಮುಳ್ಳುತಂತಿ ಹರಿದಿದ್ದರೆ ತುಕ್ಕು ಹಿಡಿದ ಭಾಗ ಕತ್ತರಿಸಿ ತೆಗೆದು, ಅದೇ ಗೇಜಿನ (ದಪ್ಪದ) ತಂತಿ ಸೇರಿಸಿ. ಮನೆ ಬೇಲಿಗೆ ಸಾಮಾನ್ಯವಾಗಿ 12 ಗೇಜ್ ಇರುತ್ತದೆ. ಎರಡೂ ತುದಿಗೆ ಉಂಗುರ ಮಾಡಿ, ಒಂದರೊಳಗೆ ಒಂದು ತೂರಿಸಿ, ಬಾಲವನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಸುಮ್ನೆ ಎರಡು ತುದಿ ಹೊಸೆದರೆ ಜಾರುತ್ತದೆ.

ಒಂದು ಕೊನೆ ಗಟ್ಟಿಯಾಗಿ ಕಟ್ಟಿ, ಇನ್ನೊಂದು ಕೊನೆಯಿಂದ ಎಳೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್ ಸಿಗುತ್ತದೆ, ಸಾಲಿಗೊಂದು ಹಾಕಿಬಿಟ್ಟರೆ ಮುಂದಿನ ವರ್ಷ ಸ್ಪಾನರ್‌ನಲ್ಲೇ ಕೆಲಸ ಮುಗಿಯುತ್ತದೆ. ನಡುವಿನ ಕಂಬಗಳಿಗೆ ತಂತಿ ಹಿಡಿದುಕೊಳ್ಳುವಷ್ಟು ಮಾತ್ರ ಕಟ್ಟಿ, ಉಸಿರು ಕಟ್ಟುವ ಹಾಗೆ ಬೇಡ. ತೆಂಗಿನ ಗರಿಯೋ ಕೊಂಬೆಯೋ ಬಿದ್ದಾಗ ತಂತಿ ಸ್ವಲ್ಪ ಜಾರಿದರೆ ಕಲ್ಲು ಉಳಿಯುತ್ತದೆ.

ಕಟ್ಟಲು ಬೈಂಡಿಂಗ್ ವೈರ್ ಬಳಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಬ್ಬಿಣ ಕಟ್ಟುವ ಆ ಕಪ್ಪು ವೈರಿಗೆ ಸತುವಿನ ಲೇಪ ಇರುವುದಿಲ್ಲ, ಕಾಂಕ್ರೀಟಿನ ಒಳಗೆ ಇರಬೇಕಾದದ್ದು ಅದು. ಹೊರಗೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಸಾವಿರಾರು ರೂಪಾಯಿ ಜಾಲರಿ ಹಾಕಿ, ಅದನ್ನು ಹಿಡಿದಿರುವುದು ಈ ವೈರು. ಜಿಐ ತಂತಿಯೇ, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ತಂತಿಯೇ, ಕೇಳಿ ತನ್ನಿ.

ಚೈನ್ ಲಿಂಕ್ ಜಾಲರಿ ಹರಿದರೆ ಪೂರ್ತಿ ರೋಲು ಬದಲಾಯಿಸಬೇಕಿಲ್ಲ. ಅದು ಒಂದಕ್ಕೊಂದು ಹೆಣೆದ ಅಂಕುಡೊಂಕು ಎಳೆಗಳ ಸಾಲು. ಕೆಟ್ಟ ಭಾಗದ ಎರಡೂ ಕಡೆ ಒಂದೊಂದು ಎಳೆಯ ಮೇಲಿನ ಮತ್ತು ಕೆಳಗಿನ ಮಡಿಕೆ ಬಿಚ್ಚಿ, ಎಳೆಯನ್ನು ಸ್ಕ್ರೂ ತಿರುಗಿಸಿದಂತೆ ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಜಾಲರಿ ಬೇರೆಯಾಗುತ್ತದೆ. ಅದೇ ಅಳತೆಯ ಕಣ್ಣು (ಕಿಂಡಿ) ಇರುವ ಹೊಸ ತುಂಡು ಪಕ್ಕಕ್ಕಿಟ್ಟು, ಎಳೆಯನ್ನು ಹಾಗೇ ತಿರುಗಿಸುತ್ತಾ ವಾಪಸ್ ಇಳಿಸಿದರೆ ಜೋಡಣೆ ಗೊತ್ತೇ ಆಗುವುದಿಲ್ಲ. ಮೇಲೆ, ನಡುವೆ, ಕೆಳಗೆ ದಪ್ಪ ಜಿಐ ತಂತಿ ಮೂರು ಸಾಲು ಎಳೆದು ಅದಕ್ಕೆ ಜಾಲರಿ ಕಟ್ಟಿ. ಜಾಲರಿಯ ತಳ ನೆಲಕ್ಕಿಂತ ಎರಡು ಇಂಚು ಮೇಲಿರಲಿ. ಮಣ್ಣು, ಹುಲ್ಲು, ಗೊಬ್ಬರದ ಗುಡ್ಡೆ ತಾಗಿದಲ್ಲಿಂದಲೇ ತುಕ್ಕು ಶುರು.

ತಗಡು, ಗ್ರೀನ್ ನೆಟ್: ಗಾಳಿಯ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 8 ಅಡಿ ಅಗಲ, 6 ಅಡಿ ಎತ್ತರದ ಒಂದು ತಗಡಿನ ಪಟ್ಟಿಗೆ ಗಂಟೆಗೆ 50 ಕಿ.ಮೀ. ಗಾಳಿ ನೇರ ಬಡಿದರೆ ಸುಮಾರು 50 ಕೆಜಿ ಭಾರ ಒತ್ತಿದಂತೆ. 100 ಕಿ.ಮೀ. ಆದರೆ 200 ಕೆಜಿ. ಎರಡು ಆಂಗಲ್ ಕಂಬದ ಬುಡ ಅದನ್ನು ತಡೆಯಬೇಕು. ಜಾಲರಿಯಲ್ಲಿ ಗಾಳಿ ತೂರಿ ಹೋಗುತ್ತದೆ, ಅದಕ್ಕೇ ಜಾಲರಿ ನಿಂತಿರುವ ಕಡೆ ತಗಡು ಹಾರಿರುತ್ತದೆ.

ತಗಡಿನ ಬೇಲಿ ರಿಪೇರಿಯಲ್ಲಿ ಹಾಗಾಗಿ ಗಾಳಿಗೆ ದಾರಿ ಬಿಡುವುದೇ ಮುಖ್ಯ. ಕೆಳಗೆ ಅರ್ಧ ಅಡಿ, ಶೀಟು ಶೀಟಿನ ನಡುವೆ ಎರಡು ಮೂರು ಇಂಚು ಸಂದು ಬಿಡಿ. ಕಂಬಗಳು ಆರು ಅಡಿಗೊಂದು ಬರಲಿ. ಮೊಳೆ ಹೊಡೆದಿದ್ದರೆ ಕಿತ್ತು ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿ. ಸ್ಕ್ರೂ ಸುತ್ತ ತಗಡು ಹರಿದಿದ್ದರೆ ಆ ತೂತಿಗೇ ಮತ್ತೆ ಹಾಕಬೇಡಿ, ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಪಟ್ಟಿಯ ಮೇಲಿನಿಂದ ಹೊಸ ಜಾಗದಲ್ಲಿ ಬಿಗಿಯಿರಿ.

ಚೈನ್ ಲಿಂಕ್ ಬೇಲಿಗೆ ಮರೆ ಬೇಕು ಅಂತ ಗ್ರೀನ್ ನೆಟ್ ಕಟ್ಟುವುದು ಈಗ ಎಲ್ಲ ಬಡಾವಣೆಯಲ್ಲೂ ಇದೆ. ಕಟ್ಟಿದ ಕೂಡಲೇ ನಿಮ್ಮ ಜಾಲರಿ ಹೆಚ್ಚು ಕಡಿಮೆ ತಗಡಾಯಿತು. ಹಳೆಯ ಫ್ಲೆಕ್ಸ್ ಕಟ್ಟಿದರಂತೂ ಪೂರ್ತಿ ತಗಡೇ. ಯುಗಾದಿ ಕಳೆದ ಮೇಲೆ ನೆಟ್ ಬಿಚ್ಚಿಟ್ಟು ಜೂನ್ ಕಳೆದ ಮೇಲೆ ಕಟ್ಟಿ. ಬಿಚ್ಚಲು ಆಗದು ಅನ್ನುವವರು ತಂತಿಯ ಬದಲು ತೆಳ್ಳಗಿನ ಸುತಳಿಯಲ್ಲಿ ಕಟ್ಟಿ. ಬಿರುಗಾಳಿಗೆ ಸುತಳಿ ಹರಿಯುತ್ತದೆ, ಕಂಬ ಉಳಿಯುತ್ತದೆ.

ಪ್ರಿಕಾಸ್ಟ್ (ಮೊದಲೇ ಎರಕ ಹೊಯ್ದು ತಂದ) ಸ್ಲ್ಯಾಬಿನ ಕಾಂಪೌಂಡ್ ವಾಲಿದರೆ ಹಗ್ಗ ಕಟ್ಟಿ ಎಳೆಯಬೇಡಿ, ಸ್ಲ್ಯಾಬ್ ಬಿರಿಯುತ್ತದೆ. ಮೇಲಿನಿಂದ ಒಂದೊಂದೇ ಸ್ಲ್ಯಾಬ್ ಇಬ್ಬರು ಹಿಡಿದು ತೆಗೆದು, ಕಂಬ ಹೊಸದಾಗಿ ನಿಲ್ಲಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ವಾಪಸ್ ಇಳಿಸಿ. ಇಟ್ಟಿಗೆ ಅಥವಾ ಬ್ಲಾಕಿನ ಗೋಡೆ ವಾಲಿದ್ದರೆ ಅದು ಮನೆಯಲ್ಲಿ ಮಾಡುವ ರಿಪೇರಿಯಲ್ಲ. ಮಕ್ಕಳು, ಗಾಡಿ ಅದರ ಹತ್ತಿರ ಹೋಗದಂತೆ ನೋಡಿಕೊಂಡು ಎಂಜಿನಿಯರಿಗೆ ತೋರಿಸಿ.

ತುಕ್ಕು ಮತ್ತು ಬಣ್ಣ

ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕು ಒಳಗೇ ಬೆಳೆಯುತ್ತದೆ. ವೈರ್ ಬ್ರಷ್, ಆಮೇಲೆ ಎಮರಿ ಪೇಪರ್, ಒಣ ಬಟ್ಟೆ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್, ಒಣಗಿದ ಮೇಲೆ ಎನಾಮೆಲ್ ಎರಡು ಕೋಟ್. ವೆಲ್ಡಿಂಗ್ ಮಾಡಿದ ಜಾಗ ಮರೆಯಬೇಡಿ, ಅಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ, ಸತು ಇರುವ ಪ್ರೈಮರ್ ಹಚ್ಚಬೇಕು. ಹೊಸ ಜಿಐ ಪೈಪಿಗೆ ನೇರ ಎನಾಮೆಲ್ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಅದಕ್ಕೆ ಜಿಐಗೆ ಅಂತಲೇ ಬರುವ ಪ್ರೈಮರ್ ಕೇಳಿ. ಮೋಡ ಮುಸುಕಿದ ದಿನ, ಇಬ್ಬನಿ ಆರದ ಬೆಳಿಗ್ಗೆ ಬಣ್ಣದ ಡಬ್ಬಿ ತೆಗೆಯಬೇಡಿ.

ಯಾವಾಗ ಮಾಡುವುದು

ಕಂಬದ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿದರೆ ಚೆನ್ನ. ಬಿದ್ದ ಮೇಲೆ ಮಾಡುವುದಾದರೆ ಎರಡು ಮಳೆಯ ನಡುವೆ ನೆಲ ಮೆತ್ತಗಿದ್ದು ಸಲಿಕೆಗೆ ಅಂಟದ ದಿನ ನೋಡಿ ಅಗೆಯಿರಿ. ಜೂನ್‌ನ ಮಿರುಗ (ಮೃಗಶಿರ) ಮಳೆ ಹಿಡಿದು ಸಾಲು ಮಳೆ ಶುರುವಾದರೆ ಕಂಬಕ್ಕೆ ಬೊಂಬು ಆಸರೆ ಕೊಟ್ಟು ಕಾಯುವುದೇ ಮೇಲು, ನೀರು ತುಂಬಿದ ಗುಂಡಿಗೆ ಕಾಂಕ್ರೀಟ್ ಸುರಿದು ಫಲವಿಲ್ಲ.

ಹೊಸ ಕಂಬ ನಿಲ್ಲಿಸಿದ ಮೊದಲ ವರ್ಷ ಎರಡು ಸಲ ಸುತ್ತು ಹಾಕಿ, ಮೊದಲ ಜೋರು ಮಳೆಯ ನಂತರ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ. ಬುಡದ ಸುತ್ತ ಬಿರುಕು ಕಂಡರೆ ಗರಸು ತುಂಬಿ ಕುಟ್ಟಿ.

ಗೇಟಿನ ಕಂಬವನ್ನೂ ಆಗಲೇ ನೋಡಿ. ಗೇಟು ನೆಲಕ್ಕೆ ಉಜ್ಜುತ್ತಿದ್ದರೆ ಕೀಲು ಬದಲಾಯಿಸುವ ಮುಂಚೆ ಕಂಬಕ್ಕೆ ತೂಗುಗುಂಡು ಹಿಡಿಯಿರಿ. ಬೇಲಿಯ ತಂತಿಯನ್ನು ಗೇಟಿನ ಕಂಬಕ್ಕೇ ಕಟ್ಟಿದ್ದರೆ ಒಂದು ಕಡೆ ತಂತಿ, ಇನ್ನೊಂದು ಕಡೆ ಗೇಟಿನ ಭಾರ ಎಳೆದು ಅದು ನಿಲ್ಲುವುದೇ ಇಲ್ಲ. ಪಕ್ಕದಲ್ಲೇ ಒಂದು ಅಡಿ ಬಿಟ್ಟು ಬೇರೆ ಕಂಬ ನೆಟ್ಟು, ಆಸರೆ ಕೊಟ್ಟು, ತಂತಿಯನ್ನು ಅದಕ್ಕೆ ಬದಲಾಯಿಸಿ.